ವೆಸ್ಟಿಂಗ್‌ಹೌಸ್ ಮೊಸಿನ್ 1916: ಬಟ್ ಮೇಲಿನ ಮುದ್ರೆ ಏನು? ಉಪ್ಪುಕಾಗದ ಹಾಕಬಹುದಾ?

ಹೊಸಬ_1916 ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ನನ್ನ ಮೊದಲ ಪ್ರಶ್ನೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಹೋದ ತಿಂಗಳು ಇಲ್ಲಿ ಅಮೆರಿಕದಲ್ಲಿ ನನ್ನ ಜೀವನದ ಮೊದಲ ಹಳೆಯ ರೈಫಲ್ ಕೊಂಡೆ. ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಮನೆ ಖಾಲಿ ಮಾಡುವಾಗ ಅವರ ಮಗಳು ನನ್ನನ್ನು ಕರೆದು, "ಅಪ್ಪನ ರೈಫಲ್ ಇದೆ. ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಹೋಗಲಿ ಅಂತ ಆಸೆ" ಅಂದರು. ಕಾಗದಪತ್ರ ಎಲ್ಲ ಕಾನೂನಿನ ಪ್ರಕಾರ ಮುಗಿಸಿ ತಂದೆ. ಮೂರು ರಾತ್ರಿ ಟಾರ್ಚ್ ಹಿಡಿದುಕೊಂಡು ಅದರ ಮುಂದೆಯೇ ಕೂತಿದ್ದೆ.

ನನಗೆ ಕಂಡಿದ್ದು ಇಷ್ಟು. ರಷ್ಯಾದ ಸೇನೆಯ ಮೊಸಿನ್ ನಗಾಂಟ್ ರೈಫಲ್, ಉದ್ದದ ಮಾದರಿ. ಬ್ಯಾರೆಲ್ಲಿನ ಬುಡದಲ್ಲಿ ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಕಂಪನಿ ಅಂತ ಇಂಗ್ಲಿಷಿನಲ್ಲೇ ಇದೆ. ಅದರ ಕೆಳಗೆ 1916. ಅಲ್ಲೇ ಹತ್ತಿರ ಚಿಕ್ಕ ಚೌಕದೊಳಗೆ ಎಸ್‌ಎ ಎಂಬ ಎರಡು ಅಕ್ಷರ. ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಮೇಲಿನ ನಂಬರು ಬ್ಯಾರೆಲ್ ನಂಬರಿಗೆ ಹೊಂದುವುದಿಲ್ಲ. ಮುಂದಿನ ಮರದಲ್ಲಿ ಒಂದು ಕಡೆ ಹಲ್ಲುಹಲ್ಲಾಗಿ ಸೇರಿಸಿದ ಜೋಡಣೆ ಇದೆ, ಎರಡು ತುಂಡಿನ ಬಣ್ಣವೂ ಬೇರೆ. ಬಟ್ (ಭುಜಕ್ಕೆ ಒತ್ತುವ ಹಿಂಬದಿಯ ಮರ) ಮೇಲೆ ರಷ್ಯನ್ ಅಕ್ಷರಗಳ ಮಾಸಿದ ಮುದ್ರೆ. ಅದರ ಫೋಟೋವನ್ನು ರಷ್ಯನ್ ಬರುವ ಸ್ನೇಹಿತೆಗೆ ಕಳಿಸಿದೆ. ಅವಳು ಓದಿ, "ಇಂಗ್ಲಿಷ್ ಆರ್ಡರ್ ಅಂತ ಬರೆದಿದೆ" ಅಂದಳು. ಅಮೆರಿಕದಲ್ಲಿ ತಯಾರಾದ ರಷ್ಯಾದ ರೈಫಲ್ ಮೇಲೆ ಇಂಗ್ಲೆಂಡ್ ಯಾಕೆ ಬಂತು? ನನಗಂತೂ ತಿಳಿಯಲಿಲ್ಲ.

ಒಬ್ಬ ವ್ಯಾಪಾರಿಗೆ ತೋರಿಸಿದೆ. ಅವರು, "ಮರಕ್ಕೆ ಉಪ್ಪುಕಾಗದ ಹಾಕಿ ಪಾಲಿಶ್ ಮಾಡಿಸಿ, ಬೋಲ್ಟ್ ನಂಬರು ಉಜ್ಜಿ ಬ್ಯಾರೆಲ್ ನಂಬರನ್ನೇ ಕೆತ್ತಿಸಿ, ಬೆಲೆ ಬರುತ್ತದೆ" ಅಂದರು. ಬೆಲೆಯ ಯೋಚನೆ ನನಗಿಲ್ಲ. ಆದರೆ ಹೀಗೆ ಕೊಳೆ ಹಿಡಿದ ಹಾಗೇ ಬಿಡೋದು ಸರಿನಾ? ಇನ್ನೊಂದು ಕೇಳಬೇಕಿತ್ತು. ಒಂದು ದೇಶ ಇನ್ನೊಂದು ದೇಶಕ್ಕೆ ಮಾಡಿಕೊಟ್ಟ ಇಂಥ ರೈಫಲ್‌ಗಳನ್ನೇ ಮುಂದೆಯೂ ಸಂಗ್ರಹಿಸುವ ಮನಸ್ಸಾಗಿದೆ. ಯಾವುದನ್ನು ನೋಡಲಿ?

ಮೂರುಗೆರೆ ಬರೆದಿದ್ದು:

ಮೊದಲು ಉಪ್ಪುಕಾಗದವನ್ನು ಕೈಯಿಂದ ಕೆಳಗಿಡಿ. ಉಳಿದಿದ್ದು ಆಮೇಲೆ ಮಾತಾಡೋಣ.

ನಾನು 22 ವರ್ಷದಿಂದ ಹೊರದೇಶದ ಆರ್ಡರ್‌ಗೆ ಮಾಡಿದ ರೈಫಲ್‌ಗಳನ್ನು ಮಾತ್ರ ಕೂಡಿಸುತ್ತಿದ್ದೇನೆ. ಬೇರೆ ಯಾವುದೂ ನನ್ನ ಬೀರುವಿನಲ್ಲಿ ಇಲ್ಲ. ಸ್ವಂತ ಸೈನ್ಯಕ್ಕೆ ಮಾಡಿಕೊಂಡ ರೈಫಲ್ ಮೇಲೆ ಒಂದೇ ಸರ್ಕಾರದ ಗುರುತು ಇರುತ್ತದೆ. ಇವುಗಳ ಮೇಲೆ ಮಾಡಿದವರದ್ದು ಒಂದು, ದುಡ್ಡು ಕೊಟ್ಟವರದ್ದು ಒಂದು, ಹೊತ್ತವರದ್ದು ಇನ್ನೊಂದು. ನೀವು ಬರೆದ ಒಂದೊಂದು ಗುರುತನ್ನೂ ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

'ಇಂಗ್ಲಿಷ್ ಆರ್ಡರ್' ವಿಷಯಕ್ಕೆ ಬರೋಣ. ನಿಮ್ಮ ಸ್ನೇಹಿತೆ ಸರಿಯಾಗಿಯೇ ಓದಿದ್ದಾರೆ. 1914ರಲ್ಲಿ ಯುದ್ಧ ಶುರುವಾದಾಗ ರಷ್ಯಾದ ಹತ್ತಿರ ಜನ ಇದ್ದರು, ರೈಫಲ್ ಇರಲಿಲ್ಲ. ತೂಲಾ, ಇಜೆವ್‌ಸ್ಕ್, ಸೆಸ್ತ್ರೊರೆತ್ಸ್ಕ್ ಈ ಮೂರು ಕಾರ್ಖಾನೆಗಳು ಎಷ್ಟು ದುಡಿದರೂ ಸಾಲಲಿಲ್ಲ. ಸತ್ತವನ ರೈಫಲ್ ಎತ್ತಿಕೊಳ್ಳಲು ಹಿಂದಿನವನು ಕಾಯಬೇಕಾದ ಕಾಲ ಅದು. ಹಾಗಾಗಿ ಸಿಕ್ಕ ಕಡೆಯಿಂದೆಲ್ಲ ಕೊಂಡರು. ಹತ್ತು ವರ್ಷ ಹಿಂದೆ ತಾವೇ ಯುದ್ಧ ಮಾಡಿದ್ದ ಜಪಾನಿನಿಂದಲೂ ಅರಿಸಾಕ ರೈಫಲ್ ತರಿಸಿಕೊಂಡರು. 1915ರಲ್ಲಿ ಅಮೆರಿಕಕ್ಕೆ ಬಂದರು. ರೆಮಿಂಗ್ಟನ್‌ಗೆ 15 ಲಕ್ಷ, ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್‌ಗೆ 18 ಲಕ್ಷ ಮೊಸಿನ್ ಆರ್ಡರ್ ಹೋಯಿತು.

ಆದರೆ ರಷ್ಯಾಕ್ಕೆ ಅಮೆರಿಕದಲ್ಲಿ ಸಾಲ ಹುಟ್ಟುವುದು ಕಷ್ಟವಾಗಿತ್ತು. ಬ್ರಿಟನ್ ಬೆನ್ನಿಗೆ ನಿಂತಿತು. ಬ್ರಿಟನ್ ಪರವಾಗಿ ಅಮೆರಿಕದಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದದ್ದು ಜೆ.ಪಿ. ಮಾರ್ಗನ್ ಬ್ಯಾಂಕು. ಆ ದಾರಿಯಲ್ಲಿ ದುಡ್ಡು ಬಂದ ರೈಫಲ್‌ಗಳ ಮರದ ಮೇಲೆ ರಷ್ಯನ್ ಭಾಷೆಯಲ್ಲೇ 'ಆಂಗ್ಲೀಸ್ಕಿ ಜಕಾಜ್', ಅಂದರೆ ಇಂಗ್ಲಿಷ್ ಆರ್ಡರ್, ಅಂತ ಮುದ್ರೆ ಬಿತ್ತು. ಅಮೆರಿಕದ ಕೈಕೆಲಸ, ಬ್ರಿಟನ್ನಿನ ದುಡ್ಡು, ರಷ್ಯಾದ ಸೈನಿಕ. ಇಡೀ ರೈಫಲ್ಲಿನಲ್ಲಿ ಈ ಮೂರನ್ನೂ ಒಟ್ಟಿಗೆ ಹೇಳುವುದು ಆ ಮಾಸಿದ ಮುದ್ರೆ ಒಂದೇ. ಅದು ಮರದಲ್ಲಿ ಕೂದಲಿನಷ್ಟು ಆಳಕ್ಕೆ ಇಳಿದಿರುತ್ತದೆ, ಅಷ್ಟೇ. ಆ ವ್ಯಾಪಾರಿ ಹೇಳಿದ ಹಾಗೆ ಮಾಡಿದರೆ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ.

ಈ ವೆಸ್ಟಿಂಗ್‌ಹೌಸ್ ಬಂದೂಕಿನ ಕಂಪನಿಯೇ ಅಲ್ಲ. ವಿದ್ಯುತ್ ಯಂತ್ರ ಮಾಡುವವರು. ರಷ್ಯಾದ ಆರ್ಡರ್‌ಗೆಂದೇ ಹೊಸ ಕಂಪನಿ ಕಟ್ಟಿದರು. ಮ್ಯಾಸಚೂಸೆಟ್ಸ್‌ನ ಚಿಕೋಪಿ ಫಾಲ್ಸ್‌ನಲ್ಲಿದ್ದ ಸ್ಟೀವನ್ಸ್ ಬಂದೂಕು ಕಾರ್ಖಾನೆಯನ್ನು 1915ರಲ್ಲಿ ಕೊಂಡುಕೊಂಡರು. ಅಲ್ಲಿಯವರೆಗೆ ರಷ್ಯಾದ ರೈಫಲ್ ಮುಟ್ಟಿಯೂ ನೋಡದ ಕೆಲಸಗಾರರು ಬೇರೆ ದೇಶದ ಅಳತೆಯಲ್ಲಿ ಅದನ್ನು ಮಾಡಬೇಕು. ರಷ್ಯಾದ ಇನ್‌ಸ್ಪೆಕ್ಟರ್‌ಗಳು ಪಕ್ಕದಲ್ಲೇ ನಿಂತು ಒಂದೊಂದನ್ನೂ ನೋಡಿ, ಸರಿ ಇಲ್ಲದ್ದನ್ನು ವಾಪಸ್ ಕಳಿಸುತ್ತಿದ್ದರು. ಹಾಗಾಗಿ ಕೆಲಸ ತಡವಾಯಿತು. ಆದರೆ ಮಾಡಿದ್ದು ಮಾತ್ರ ಬಹಳ ಅಚ್ಚುಕಟ್ಟು. ನಿಮ್ಮ ಬೋಲ್ಟ್ ಎಳೆದು ನೋಡಿ, ಒಳಗಿನ ಕೆಲಸ ಹೇಗಿದೆ ಅಂತ ಕೈಗೇ ಗೊತ್ತಾಗುತ್ತದೆ.

ಆಮೇಲೆ 1917ರ ಕ್ರಾಂತಿ. ಹೊಸ ಸರ್ಕಾರ ದುಡ್ಡು ಕೊಡಲಿಲ್ಲ. ಅಷ್ಟರಲ್ಲಿ ರಷ್ಯಾಕ್ಕೆ ತಲುಪಿದ್ದು ರೆಮಿಂಗ್ಟನ್‌ನಿಂದ ಸುಮಾರು 4 ಲಕ್ಷ 70 ಸಾವಿರ, ವೆಸ್ಟಿಂಗ್‌ಹೌಸ್‌ನಿಂದ ಸುಮಾರು 2 ಲಕ್ಷ 25 ಸಾವಿರ. ಕಂಪನಿಗಳು ಮುಳುಗಿಹೋಗದಿರಲಿ ಅಂತ ಅಮೆರಿಕ ಸರ್ಕಾರವೇ ಸುಮಾರು 2 ಲಕ್ಷ 80 ಸಾವಿರ ರೈಫಲ್ ಕೊಂಡುಕೊಂಡಿತು. ಅವುಗಳಲ್ಲಿ ತಮ್ಮ ಹುಡುಗರಿಗೆ ತರಬೇತಿ ಕೊಟ್ಟರು. 1918ರಲ್ಲಿ ಉತ್ತರ ರಷ್ಯಾದ ಆರ್ಖಾಂಗೆಲ್ಸ್ಕ್‌ಗೆ ಹೋದ ಅಮೆರಿಕದ 339ನೇ ರೆಜಿಮೆಂಟಿನ ಸೈನಿಕರ ಕೈಗೂ ಇದನ್ನೇ ಕೊಟ್ಟರು. ಅಮೆರಿಕ ಸರ್ಕಾರ ಕೊಂಡವುಗಳ ಮೇಲೆ ಉರಿಯುವ ಗುಂಡಿನ ಚಿತ್ರ, ಹದ್ದಿನ ತಲೆ ಇರುತ್ತದೆ. ನೀವು ಅವನ್ನು ಹೇಳಲಿಲ್ಲ. ಇನ್ನೊಮ್ಮೆ ಹುಡುಕಿ. ಇಲ್ಲದಿದ್ದರೆ ನಿಮ್ಮದು ನೇರವಾಗಿ ರಷ್ಯಾ ಸೇರಿದ ಆ 2 ಲಕ್ಷ 25 ಸಾವಿರದ ಪೈಕಿ ಅಂತ ನಾನು ಹೇಳುತ್ತೇನೆ.

ಯಾಕೆ ಅಷ್ಟು ಧೈರ್ಯವಾಗಿ ಹೇಳ್ತೀನಿ ಅಂದರೆ, ಚೌಕದೊಳಗಿನ ಎಸ್‌ಎ ಇದೆಯಲ್ಲ, ಅದಕ್ಕೆ. ಅದು ಸುವೋಮೆನ್ ಅರ್ಮೇಯಾ, ಫಿನ್ಲೆಂಡ್ ಸೇನೆ. ರಷ್ಯಾದಿಂದ ಬೇರೆಯಾದ ಫಿನ್ಲೆಂಡ್, ತನ್ನ ನೆಲದಲ್ಲಿ ಉಳಿದ ರಷ್ಯಾದ ರೈಫಲ್‌ಗಳನ್ನೇ ತನ್ನದು ಮಾಡಿಕೊಂಡಿತು. ಆಮೇಲೆ ಬೇರೆ ದೇಶಗಳಿಂದಲೂ ಮೊಸಿನ್ ಕೂಡಿಸಿತು. ಮುಂದಿನ ಮರದ ಆ ಹಲ್ಲಿನ ಜೋಡಣೆ ಫಿನ್ಲೆಂಡ್ ಸೇನೆಯ ಬಡಗಿಯ ಕೆಲಸ. ಮುರಿದ ಮರವನ್ನು ಎಸೆಯದೆ ಅರ್ಧ ಹೊಸದು ಸೇರಿಸುತ್ತಿದ್ದರು. ಅದು ಕಳಪೆ ರಿಪೇರಿ ಅಲ್ಲ. ಹಿಂದಿನ ಗಾಢ ಬಣ್ಣದ ಭಾಗ ಬಹುಶಃ ಅಮೆರಿಕದ ವಾಲ್‌ನಟ್.

ಬೋಲ್ಟ್ ನಂಬರು ಹೊಂದದಿರುವುದಕ್ಕೂ ಉತ್ತರ ಇದೇ. ಫಿನ್ಲೆಂಡಿನವರು ನಂಬರು ಹೊಂದಿಸಲು ತಲೆಕೆಡಿಸಿಕೊಳ್ಳಲಿಲ್ಲ. ಬೋಲ್ಟ್ ಸರಿಯಾಗಿ ಕೂತರೆ ಆಯಿತು. ಹಳೆ ನಂಬರು ಉಜ್ಜಿ ಹೊಸದು ಕೆತ್ತಿ ಹೊಂದಿಸಿದ್ದು ಸೋವಿಯತ್ ಡಿಪೋಗಳಲ್ಲಿ. ಈಗ ನೀವು ಹೊಂದಿಸಿದರೆ ಫಿನ್ಲೆಂಡಿನ ರೈಫಲ್ ಮೇಲೆ ಎಲ್ಲೂ ನಡೆಯದ ಕಥೆ ಬರೆದ ಹಾಗೆ. ನನ್ನ ಕಣ್ಣಿಗೆ ಅದು ಸುಳ್ಳು ದಾಖಲೆ. ಮುಂದೆ ಕೊಳ್ಳುವವನಿಗೂ ಮೋಸ.

ಗುರಿ ನೋಡುವ ಸೈಟಿನ ಪಕ್ಕವನ್ನೂ ನೋಡಿ. 4, 6, 8, 10, 12 ಅಂತ ಅಂಕಿ ಇರಬೇಕು. ಅದು ಮೀಟರ್ ಅಲ್ಲ, ಗಜ ಅಲ್ಲ, ಅರ್ಶಿನ್. ರಷ್ಯಾದ ಹಳೆಯ ಅಳತೆ, ಒಂದು ಅರ್ಶಿನ್ ಅಂದರೆ ಸುಮಾರು 71 ಸೆಂಟಿಮೀಟರ್. 4 ಅಂದರೆ 400 ಅರ್ಶಿನ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 284 ಮೀಟರ್. ಪಕ್ಕದಲ್ಲಿ ಬೇರೆ ಅಂಕಿ ಹೊಡೆದಿದ್ದರೆ ಅದು ಫಿನ್ಲೆಂಡಿನವರ ಮೀಟರ್. (ನನ್ನ ಹೆಸರಿನ ಮೂರುಗೆರೆಯೂ ಇಂಥದ್ದೇ ಅಳತೆ. ರಷ್ಯನ್ನರು ಇದನ್ನು ಮೂರು ಗೆರೆಯ ರೈಫಲ್ ಅನ್ನುತ್ತಿದ್ದರು. ಒಂದು ಗೆರೆ ಅಂದರೆ ಇಂಚಿನ ಹತ್ತನೇ ಒಂದು ಭಾಗ. ಮೂರು ಗೆರೆ ಅಂದರೆ 7.62 ಮಿಲಿಮೀಟರ್.)

ಕೊನೆಗೆ ಒಂದು ಗಂಭೀರ ಮಾತು. ಗುಂಡು ಹಾರಿಸುವ ಮೊದಲು ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ (ಬೋಲ್ಟ್‌ಗೂ ತೋಟಾಗೂ ನಡುವಿನ ಅಂತರ) ನೋಡಿಸಿ. ಬೋಲ್ಟ್ ಬೇರೆ ರೈಫಲ್ಲಿನದು, ನೆನಪಿರಲಿ. ಮೊದಲ ಯುದ್ಧದ ನಂತರ ಅಮೆರಿಕದಲ್ಲಿ ಕೆಲವು ಮೊಸಿನ್‌ಗಳನ್ನು .30-06 ತೋಟಾಗೆ ಬದಲಾಯಿಸಿ ಮಾರಿದ್ದರು. ಅವು ಅಪಾಯ. ನಿಮ್ಮದು ಫಿನ್ಲೆಂಡ್ ಸುತ್ತಿ ಬಂದಿದ್ದು, ಹಾಗಿರಲಾರದು. ಆದರೂ ನೋಡಿಸದೆ ಹಾರಿಸಬೇಡಿ.

ವಾಲ್‌ನಟ್‌ಪ್ರಿಯ ಬರೆದಿದ್ದು:

ಮೂರುಗೆರೆ ಸರ್ ಹೇಳಿದ್ದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ಬರೆಯಲು ಈಗಲೂ ಬೇಜಾರಾಗುತ್ತದೆ.

ಎಂಟು ವರ್ಷದ ಹಿಂದೆ ನನಗೆ ರೆಮಿಂಗ್ಟನ್ 1917 ಮೊಸಿನ್ ಸಿಕ್ಕಿತ್ತು. ಬಟ್ ಮೇಲೆ ಇದೇ ಮುದ್ರೆ ಇತ್ತು. ಆಗ ನನಗೆ ಅದು ಏನು ಅಂತ ಗೊತ್ತಿರಲಿಲ್ಲ, ಸುಮ್ನೆ ಕಲೆ ಅಂದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಕೂತು ಉಪ್ಪುಕಾಗದ ಹಾಕಿ, ವಾರ್ನಿಷ್ ಹಚ್ಚಿ, ಹೊಳೆಯುವ ಹಾಗೆ ಮಾಡಿದೆ. ಎಲ್ಲರೂ ಚೆನ್ನಾಗಿದೆ ಅಂದರು. ಎರಡು ವರ್ಷ ಬಿಟ್ಟು ಬೇರೊಬ್ಬರ ರೈಫಲ್ಲಿನಲ್ಲಿ ಆ ಮುದ್ರೆಯನ್ನು ನೋಡಿ, ಅದರ ಅರ್ಥ ಕೇಳಿದೆ. ಮನೆಗೆ ಬಂದು ನನ್ನ ರೈಫಲ್ ಗೋಡೆಯಿಂದ ಇಳಿಸಿ ಬೆರಳಿನಿಂದ ಸವರಿ ಸವರಿ ನೋಡಿದೆ. ಏನೂ ಇರಲಿಲ್ಲ. ನೂರು ವರ್ಷ ಉಳಿದಿದ್ದನ್ನು ನಾನೊಬ್ಬ ಎರಡು ಗಂಟೆಯಲ್ಲಿ ಅಳಿಸಿಬಿಟ್ಟೆ. ತಂದ ದಿನ ತೆಗೆದ ಒಂದು ಫೋಟೋ ಮಾತ್ರ ಇದೆ.

ಹಾಗಾಗಿ ಮೊದಲು ಫೋಟೋ ತೆಗೆಯಿರಿ. ಬೆಳಕು ಪಕ್ಕದಿಂದ ಬೀಳಬೇಕು. ಮುದ್ರೆಯ ಅಂಚು ಆಗ ಎದ್ದು ಕಾಣುತ್ತದೆ. ಕೊಳೆಗೆ ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ಮುದ್ರೆ ಇರುವ ಕಡೆ ಉಜ್ಜಬೇಡಿ, ಒತ್ತಿ ತೆಗೆಯಿರಿ. ಒಣಗಿದ ಮೇಲೆ ಅಗಸೆ ಎಣ್ಣೆ ಒಂದೆರಡು ಹನಿ ಅಂಗೈಗೆ ಹಾಕಿಕೊಂಡು ತೆಳುವಾಗಿ ಸವರಿ. ಜಾಸ್ತಿ ಬೇಡ, ಅಂಟಂಟಾಗುತ್ತದೆ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ತಗ್ಗು ಎಬ್ಬಿಸುವ ವಿಡಿಯೋಗಳನ್ನು ನೋಡಿರಬಹುದು. ತಗ್ಗು ಏಳುತ್ತದೆ ನಿಜ. ಮುದ್ರೆ ಕೂಡ ಒಂದು ತಗ್ಗೇ ಅಲ್ವಾ? ಅದೂ ಎದ್ದು ಮಾಯವಾಗುತ್ತದೆ.

ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುರಿ ಮೂಲೆಗೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಅರಿಸಾಕ38 ಬರೆದಿದ್ದು:

ನಿಮ್ಮ ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನ್ನದು ಜಪಾನಿ ರೈಫಲ್‌ಗಳ ಸಂಗ್ರಹ. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಪಾನಿನಲ್ಲಿ ತಯಾರಾಗಿಯೇ ಇಲ್ಲ.

ಟೈಪ್ ಐ ಅಂತ. ಬಹಳ ಜನ ಇದನ್ನು ಟೈಪ್ ಒನ್ ಅಂತ ಓದುತ್ತಾರೆ. ಅದು ಅಂಕಿ ಅಲ್ಲ. ಇಂಗ್ಲಿಷಿನ 'ಐ' ಅಕ್ಷರ, ಇಟಲಿ ಹೆಸರಿನ ಮೊದಲಕ್ಷರ. ಚೀನಾದ ಯುದ್ಧದಲ್ಲಿದ್ದ ಜಪಾನಿಗೆ ತನ್ನ ಕಾರ್ಖಾನೆಗಳ ರೈಫಲ್ ಸಾಲುತ್ತಿರಲಿಲ್ಲ. ಇಟಲಿಗೆ ಆರ್ಡರ್ ಕೊಟ್ಟಿತು. 1938-39ರ ಹೊತ್ತಿಗೆ ಸುಮಾರು 60 ಸಾವಿರ ರೈಫಲ್ ತಯಾರಾದವು. ಒಳಗಿನ ಬೋಲ್ಟ್ ಮತ್ತು ರಿಸೀವರ್ (ಬೋಲ್ಟ್ ಕೂರುವ ಲೋಹದ ಭಾಗ) ಇಟಲಿಯ ಕಾರ್ಕಾನೊ ರೈಫಲ್ಲಿನದು. ತೋಟಾ ತುಂಬುವ ಮ್ಯಾಗಜೀನ್ ಜರ್ಮನಿಯ ಮೌಸರ್ ರೀತಿಯದು, ಐದು ತೋಟಾ. ಹೊರಗಿನ ಮರದ ಆಕಾರ ಮತ್ತು ತೋಟಾ ಜಪಾನಿನ 6.5 ಮಿಲಿಮೀಟರ್ ಅರಿಸಾಕದ್ದು. ಹೆಚ್ಚಾಗಿ ಹೋಗಿದ್ದು ನೌಕಾಪಡೆಗೆ.

ಹೊಸಬರು ಎಡವುವುದು ಎಲ್ಲಿ ಅಂದರೆ, ಸೇವಂತಿಗೆ ಹೂವಿನ ಗುರುತಿನಲ್ಲಿ. ಜಪಾನಿನ ಸೇನೆಯ ರೈಫಲ್ ಮೇಲೆ ಚಕ್ರವರ್ತಿಯ 16 ಎಸಳಿನ ಸೇವಂತಿಗೆ ಇರುತ್ತದೆ. 1945ರಲ್ಲಿ ಶರಣಾದಾಗ ಎಷ್ಟೋ ರೈಫಲ್‌ಗಳ ಮೇಲಿನ ಆ ಹೂವನ್ನು ಉಜ್ಜಿ ತೆಗೆದರು. ಹೂವು ಉಳಿದದ್ದಕ್ಕೆ ಬೇಡಿಕೆ ಜಾಸ್ತಿ. ಟೈಪ್ ಐ ನೋಡಿದವರು, "ಅಯ್ಯೋ, ಹೂವು ಉಜ್ಜಿಬಿಟ್ಟಿದ್ದಾರೆ" ಅಂತ ಬಿಟ್ಟುಹೋಗುತ್ತಾರೆ. ಅದರ ಮೇಲೆ ಹೂವು ಯಾವತ್ತೂ ಇರಲೇ ಇಲ್ಲ! ನನಗೆ ನನ್ನದು ಸಿಕ್ಕಿದ್ದೇ ಹೀಗೆ. ನನಗಿಂತ ಮೊದಲು ನೋಡಿದವರು ವಾಪಸ್ ಇಟ್ಟು ಹೋಗಿದ್ದರು. ನಾನು ರಿಸೀವರ್ ಮೇಲೆ ಉಗುರು ಆಡಿಸಿದೆ. ಉಜ್ಜಿದ ಗೀರು ಒಂದೂ ಇಲ್ಲ, ಹಾಲಿನಂತೆ ನುಣುಪು. ಕೈ ನಡುಗುತ್ತಿತ್ತು.

ಇನ್ನು ಮೊಸಿನ್ ದಾರಿಯಲ್ಲೇ ಹೋಗುವುದಾದರೆ ರಷ್ಯಾಕ್ಕೆ ಮಾಡಿದ ವಿಂಚೆಸ್ಟರ್ 1895 ಹುಡುಕಿ. 1915-16ರಲ್ಲಿ ಸುಮಾರು 2 ಲಕ್ಷ 93 ಸಾವಿರ ಮಾಡಿದ್ದರು. ಲಿವರ್ (ಕೆಳಗಿನ ಸನ್ನೆ ಎಳೆದು ತೋಟಾ ಹಾಕುವ) ರೈಫಲ್ಲಿಗೆ ಮೊಸಿನ್ ತೋಟಾ, ಮೇಲಿನಿಂದ ಕ್ಲಿಪ್ ಒತ್ತಲು ಎರಡು ಕಡೆ ಹಳಿ, ಮುಂದೆ ಬಯೊನೆಟ್. ಅದೃಷ್ಟ ಚೆನ್ನಾಗಿದ್ದರೆ 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ ಬಂದದ್ದೂ ಸಿಗಬಹುದು. ಜಾನ್ಸನ್ ರೈಫಲ್ ತುಂಬ ಅಪರೂಪ. ಡಚ್ಚರು ತಮ್ಮ ಈಸ್ಟ್ ಇಂಡೀಸ್ ಸೇನೆಗೆ ಆರ್ಡರ್ ಕೊಟ್ಟಿದ್ದರು. ಹೆಚ್ಚಿನದು ತಲುಪುವ ಮೊದಲೇ 1942ರಲ್ಲಿ ಜಪಾನ್ ಆ ದ್ವೀಪಗಳನ್ನು ಹಿಡಿಯಿತು. ಉಳಿದವುಗಳಲ್ಲಿ ಒಂದಷ್ಟು ಅಮೆರಿಕದ ಮರೀನ್‌ಗಳ ಕೈಗೆ ಬಂದವು. ಅದು ನಿಮಗೆ ಈಗಲೇ ಬೇಡ, ಕಣ್ಣು ಪಳಗಲಿ.

ಮೂರುಗೆರೆ ಬರೆದಿದ್ದು:

ಅರಿಸಾಕ ಮೇಡಂ ಪಟ್ಟಿಗೆ ನಾನು ಒಂದೇ ಒಂದು ಸೇರಿಸುತ್ತೇನೆ. ನಿಮ್ಮ ರೈಫಲ್ಲಿಗೆ ಊರಿನ ಸಂಬಂಧ ಇರುವುದು. ವೆಸ್ಟಿಂಗ್‌ಹೌಸ್ ಬಿಟ್ಟುಹೋದ ಮೇಲೆ 1920ರಲ್ಲಿ ಸ್ಟೀವನ್ಸ್ ಕಂಪನಿ ಸ್ಯಾವೇಜ್ ಎಂಬ ಬಂದೂಕು ಕಂಪನಿಯ ಕೈಗೆ ಬಂತು. ಎರಡನೇ ಯುದ್ಧದಲ್ಲಿ ಬ್ರಿಟನ್ನಿಗೆ ಲೀ ಎನ್‌ಫೀಲ್ಡ್ ನಂಬರ್ 4 ಬೇಕಾದಾಗ ಸ್ಯಾವೇಜ್ ಅದನ್ನು ಮಾಡಿದ್ದು ಅದೇ ಚಿಕೋಪಿ ಫಾಲ್ಸ್‌ನಲ್ಲಿ. 10 ಲಕ್ಷಕ್ಕೂ ಜಾಸ್ತಿ. ಸೀರಿಯಲ್ ನಂಬರಿನಲ್ಲಿ ಊರಿನ 'ಸಿ' ಇರುತ್ತದೆ. ಬಿಡಿಭಾಗಗಳ ಮೇಲೆ ಚೌಕಾಕಾರದ 'ಎಸ್'. ಎಡಗಡೆ ಅಮೆರಿಕ ಸರ್ಕಾರದ ಸ್ವತ್ತು ಅಂತ ಹೊಡೆದಿರುತ್ತಾರೆ, ಯಾಕೆಂದರೆ ಲೆಂಡ್ ಲೀಸ್ ಎಂಬ ಅಮೆರಿಕದ ಯುದ್ಧಕಾಲದ ಯೋಜನೆಯಲ್ಲಿ ಅದು ಲೆಕ್ಕಕ್ಕೆ ಬ್ರಿಟನ್ನಿಗೆ ಕೊಟ್ಟ ಎರವಲು. ಇಪ್ಪತ್ತೈದು ವರ್ಷದ ಅಂತರದಲ್ಲಿ ಒಂದೇ ಊರು ಮೊದಲು ರಷ್ಯಾಕ್ಕೆ, ಆಮೇಲೆ ಬ್ರಿಟನ್ನಿಗೆ ರೈಫಲ್ ಮಾಡಿತು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಬೇಕು ನೀವು. ಸಿಗುವುದೂ ಕಷ್ಟವಿಲ್ಲ.

ಹೊಸಬ_1916 ಬರೆದಿದ್ದು:

ಎಲ್ಲರಿಗೂ ತುಂಬ ಧನ್ಯವಾದ. ವಾಲ್‌ನಟ್‌ಪ್ರಿಯ ಸರ್, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಉಪ್ಪುಕಾಗದವನ್ನು ನಿಜವಾಗಿಯೂ ಕಸಕ್ಕೆ ಹಾಕಿದೆ.

ನಿನ್ನೆ ರಾತ್ರಿ ಕೂತು ಮತ್ತೆ ನೋಡಿದೆ. ಉರಿಯುವ ಗುಂಡು ಇಲ್ಲ, ಹದ್ದಿನ ತಲೆಯೂ ಇಲ್ಲ. ಸೈಟಿನ ಪಕ್ಕ 4, 6, 8, 10, 12 ಇದೆ, ಹತ್ತಿರದಲ್ಲಿ ಬೇರೆ ಅಂಕಿಗಳೂ ಇವೆ. ಮರ ಬಿಚ್ಚಿ ನೋಡಿದಾಗ ರಿಸೀವರ್ ಕೂರುವ ಜಾಗದಲ್ಲಿ ಹಿತ್ತಾಳೆಯ ತೆಳ್ಳನೆಯ ತುಂಡುಗಳು ಸಿಕ್ಕವು. ಅದನ್ನು ತೆಗೆಯದೆ ಹಾಗೇ ಇಟ್ಟಿದ್ದೇನೆ. ಆಮದು ಮಾಡಿಕೊಂಡವರ ಹೆಸರು ಬ್ಯಾರೆಲ್ ಮೇಲೆ ಇರಬೇಕು ಅಂತ ಎಲ್ಲೋ ಓದಿದ್ದೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅದಕ್ಕೆ ಆ ಹಿರಿಯರ ಮಗಳಿಗೆ ಫೋನ್ ಮಾಡಿ ಕೇಳಿದೆ. "ನಾನು ಹುಟ್ಟುವ ಮೊದಲಿನಿಂದ ಅಪ್ಪನ ಹತ್ತಿರ ಇತ್ತು. ಅಪ್ಪ ಅದನ್ನು ಹಿಡಿದು ನಿಂತ ಫೋಟೋ ಇದೆ, ಹಿಂದೆ ಅವರ ಕೈಬರಹದಲ್ಲಿ 1963 ಅಂತ ಇದೆ" ಅಂದರು. ಇದರಿಂದ ಏನಾದರೂ ತಿಳಿಯುತ್ತದಾ?

ಮೂರುಗೆರೆ ಬರೆದಿದ್ದು:

ತಿಳಿಯದೆ ಏನು! ಆಮದು ಮಾಡಿದವರ ಗುರುತು ಕಡ್ಡಾಯವಾಗಿದ್ದು ಅಮೆರಿಕದ 1968ರ ಕಾನೂನಿನಿಂದ. ಅದೇ ಕಾನೂನು ಹೊರದೇಶದ ಸೇನೆಯ ಹಳೆ ರೈಫಲ್ ಬರುವುದನ್ನೇ ನಿಲ್ಲಿಸಿತು. ಮತ್ತೆ ಬಾಗಿಲು ತೆರೆದಿದ್ದು 1980ರ ದಶಕದ ನಡುವಿನಲ್ಲಿ. ಆಮೇಲೆ ಬಂದ ಫಿನ್ಲೆಂಡ್ ಮೊಸಿನ್‌ಗಳ ಮೇಲೆ ಆ ಗುರುತು ಇದ್ದೇ ಇರುತ್ತದೆ. ನಿಮ್ಮದರ ಮೇಲೆ ಇಲ್ಲ, ಜೊತೆಗೆ 1963ರ ಫೋಟೋ ಬೇರೆ. ಅಂದರೆ ಫಿನ್ಲೆಂಡ್ ತನ್ನ ಹಳೆಯ ದಾಸ್ತಾನು ಮಾರಿದ ಮೊದಲ ಸುತ್ತಿನಲ್ಲೇ ಇದು ವಾಪಸ್ ಅಮೆರಿಕಕ್ಕೆ ಬಂದಿದೆ. ಮ್ಯಾಸಚೂಸೆಟ್ಸ್‌ನಿಂದ ಹೊರಟು ರಷ್ಯಾ, ಅಲ್ಲಿಂದ ಫಿನ್ಲೆಂಡ್, ಐವತ್ತು ವರ್ಷದ ಒಳಗೆ ಮತ್ತೆ ಹುಟ್ಟಿದ ದೇಶಕ್ಕೆ. ಹಿತ್ತಾಳೆಯ ತುಂಡುಗಳೂ ಫಿನ್ಲೆಂಡಿನವರದ್ದೇ. ಗುರಿ ಅಲ್ಲಾಡದಿರಲಿ ಅಂತ ಇಡುತ್ತಿದ್ದರು. ಮುಟ್ಟದೆ ಒಳ್ಳೆ ಕೆಲಸ ಮಾಡಿದಿರಿ.

ಈಗ ಒಂದು ಕೆಲಸ ಮಾಡಿ, ತಡ ಮಾಡಬೇಡಿ. ಆ ಫೋಟೋದ ಎರಡೂ ಬದಿಯ ಪ್ರತಿ ಕೇಳಿ ತನ್ನಿ. ಅಪ್ಪ ಇದನ್ನು ಯಾರಿಂದ ಕೊಂಡರು, ಎಲ್ಲಿ ಇಡುತ್ತಿದ್ದರು, ಏನು ಹೇಳುತ್ತಿದ್ದರು, ಆ ಮಗಳಿಗೆ ನೆನಪಿದ್ದಷ್ಟನ್ನೂ ಬರೆಸಿಕೊಂಡು ಸಹಿ ಹಾಕಿಸಿ. ರೈಫಲ್ ನಂಬರನ್ನೂ ಅದರಲ್ಲೇ ಬರೆಯಿರಿ. ಆ ಕಾಗದ ಯಾವತ್ತೂ ರೈಫಲ್ ಜೊತೆಗೇ ಇರಲಿ.

ಹೊಸಬ_1916 ಬರೆದಿದ್ದು:

ಶನಿವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ಕೊಟ್ಟಿಗೆಯ ಪೆಟ್ಟಿಗೆಯಲ್ಲಿ ಅಪ್ಪನ ಇನ್ನೂ ಕೆಲವು ಕಾಗದ ಇವೆಯಂತೆ, ಅದನ್ನೂ ತೆಗೆದಿಡುತ್ತೇನೆ ಅಂದರು. ನೋಡಿಕೊಂಡು ಬಂದು ಇಲ್ಲೇ ಬರೆಯುತ್ತೇನೆ.